ಕಲ್ಲುಕುಟಿಗನ ಹಿಂದೆ ಬಿದ್ದ ನಾಯಿ

"ಗೊಣಗಿಕೊಂಡು ಮಾಡಿದ ಸೇವೆ ಸೇವೆಯೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಈ ತಿಂಗಳಲ್ಲಿ ಇದು ಎಷ್ಟನೆಯ ಸಲ?"

"ನಾಲ್ಕನೆಯ ಸಲ."

"ಮೂರು ಸಲವೂ ಹೇಳಿದೆನಲ್ಲ."

"ನೀವು ಹೌದು ಅಂದಿರಿ. ನನಗೆ ಅದು ಒಳಗೆ ಇಳಿಯಲಿಲ್ಲ."

ಈ ಶಿಷ್ಯ ಚಿಕ್ಕವನಲ್ಲ. ಐವತ್ತು ದಾಟಿದವ. ಹೆಂಡತಿ ಸತ್ತ ಮೇಲೆ ಮಠಕ್ಕೆ ಬಂದವ. ಅವಳು ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಗಂಜಿ ಕಾಯಿಸಿದವನು ಇವನೇ. ಬಟ್ಟೆ ಒಗೆದವನು ಇವನೇ. ಮಗ್ಗುಲು ತಿರುಗಿಸಿ ಮಲಗಿಸಿದವನೂ ಇವನೇ. ಆದರೆ ಗೊಣಗದ ದಿನ ಒಂದೂ ಇರಲಿಲ್ಲ. 'ಇನ್ನೆಷ್ಟು ದಿನ ಇದು' ಎಂದು ಅವಳ ಎದುರಿಗೇ ಅಂದಿದ್ದ. ನೋಡಲು ಬಂದ ನೆಂಟರು ಅವಳ ತಲೆ ಸವರಿ, ನಾಲ್ಕು ಒಳ್ಳೆಯ ಮಾತಾಡಿ ಹೋಗುತ್ತಿದ್ದರು. ಇವನ ಬಾಯಿಂದ ಅಂಥ ಮಾತು ಒಂದೂ ಬರಲಿಲ್ಲ. ಈಗ ಆಡೋಣವೆಂದರೆ ಅವಳಿಲ್ಲ.

ಗುರುಗಳು ಹುಣಸೆಹಣ್ಣಿನ ಮೊರವನ್ನು ಇಬ್ಬರ ನಡುವೆ ತಳ್ಳಿದರು.

"ಕೂತುಕೋ. ಬೀಜ ಬಿಡಿಸುತ್ತ ಕೇಳು. ನಡುವೆ ಬಾಯಿ ಹಾಕಬೇಡ. ಐದನೆಯ ಸಲ ಕೇಳಲೂ ಬೇಡ."

ಶಿಷ್ಯ ಕೂತ. ಗುರುಗಳು ಹೇಳಿದರು.

ಒಬ್ಬ ಕಲ್ಲುಕುಟಿಗನಿದ್ದ. ದೇವರ ವಿಗ್ರಹ ಕಡೆಯುವವನಲ್ಲ. ಊರೂರು ತಿರುಗಿ ರಾಗಿಕಲ್ಲು ಕುಟ್ಟಿಕೊಡುವವ. ಬೀಸಿ ಬೀಸಿ ಕಲ್ಲು ನುಣುಪಾಗುತ್ತದೆ. ನುಣುಪಾದ ಕಲ್ಲಿನಲ್ಲಿ ರಾಗಿ ಜಾರುತ್ತದೆ, ಹಿಟ್ಟಾಗುವುದಿಲ್ಲ. ಆಗ ಹೆಂಗಸರು ಅವನನ್ನು ಕರೆಯುತ್ತಿದ್ದರು. ಅವನು ಕಲ್ಲು ಮಗುಚಿ, ಉಳಿ ಇಟ್ಟು, ಸಣ್ಣ ಸಣ್ಣ ಏಟು ಹಾಕಿ ಅದನ್ನು ಮತ್ತೆ ಒರಟು ಮಾಡುತ್ತಿದ್ದ.

ಅವನಿಗೆ ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಬಾಯಿ ಇತ್ತು. ಆ ಬಾಯಿ ಸುಮ್ಮನಿರುತ್ತಿರಲಿಲ್ಲ. ಬಿಸಿಲಾದರೆ ಬಿಸಿಲನ್ನು ಬೈಯುತ್ತಿದ್ದ. ಮೋಡವಾದರೆ ಮೋಡವನ್ನು ಬೈಯುತ್ತಿದ್ದ. ಉಳಿ ಮೊಂಡಾದರೆ ಅದನ್ನು ಮಾಡಿಕೊಟ್ಟ ಕಮ್ಮಾರನನ್ನು, ಕಮ್ಮಾರನ ಅಪ್ಪನನ್ನು, ಅವನಿಗೆ ಹೆಣ್ಣು ಕೊಟ್ಟವರನ್ನು ಬೈಯುತ್ತಿದ್ದ. ಜನ ಅವನ ಕೈಯನ್ನು ಮೆಚ್ಚಿ ಕರೆಯುತ್ತಿದ್ದರು. ಅವನ ಬಾಯಿಗೆ ಹೆದರಿ ಬೇಗ ಕಳಿಸುತ್ತಿದ್ದರು.

ಕಲ್ಲು ಕುಟ್ಟಿದ ಮೇಲೆ ಒಂದು ಪದ್ಧತಿ ಉಂಟು. ಮೊದಲ ಹಿಡಿ ರಾಗಿ ಬೀಸಿ, ಆ ಹಿಟ್ಟನ್ನು ಹೊರಗೆ ಚೆಲ್ಲುತ್ತಾರೆ. ಅದರಲ್ಲಿ ಕಲ್ಲಿನ ಪುಡಿ ಬೆರೆತಿರುತ್ತದೆ. ಮನುಷ್ಯರು ತಿನ್ನುವುದಿಲ್ಲ, ದನಕ್ಕೂ ಹಾಕುವುದಿಲ್ಲ.

ಒಂದೂರಿನಲ್ಲಿ ಹೀಗೆ ಚೆಲ್ಲಿದ ಹಿಟ್ಟನ್ನು ಒಂದು ಬೀದಿನಾಯಿ ನೆಕ್ಕಿತು. ಕಂದು ನಾಯಿ. ಒಂದು ಕಿವಿ ಹರಿದಿತ್ತು. ಕಲ್ಲುಕುಟಿಗ ಮುಂದಿನ ಮನೆಗೆ ಹೋದ. ಅಲ್ಲಿಯೂ ಬಂದು ನೆಕ್ಕಿತು. ಈ ಮನುಷ್ಯ ಎಲ್ಲಿ ಕೂತು ಟಕ್ ಟಕ್ ಅನ್ನಿಸುತ್ತಾನೋ ಅಲ್ಲಿ ಹಿಟ್ಟು ಬೀಳುತ್ತದೆ. ಇಷ್ಟು ಅದಕ್ಕೆ ತಿಳಿಯಿತು. ಅವನು ಊರು ಬಿಟ್ಟ. ಅದೂ ಬಿಟ್ಟಿತು.

"ಹೋಗ್, ನಿನ್ನ ಮನೆ ಹಾಳಾಗ" ಎಂದು ಬೈದ.

ಅದಕ್ಕೆ ಹಾಳಾಗಲು ಮನೆಯೇ ಇರಲಿಲ್ಲ. ಹಿಂದೆಯೇ ಬಂತು.

ಒಂದು ಕಲ್ಲು ತೆಗೆದು ಬೀಸಿದ. ದಿನವೆಲ್ಲ ಗುರಿ ಇಟ್ಟು ಏಟು ಹಾಕುವ ಕೈ ಅದು. ನಾಯಿಗೆ ತಗುಲಲಿಲ್ಲ.

ಮೂರನೆಯ ದಿನ ದಾರಿಯಲ್ಲಿ ಒಬ್ಬ ಕುರಿ ಕಾಯುವವ ಸಿಕ್ಕಿದ. ನಾಯಿಯನ್ನು ನೋಡಿದ.

"ಇದು ನಿನ್ನ ಹಿಂದೆ ಬಿತ್ತಾ? ಬಸುರಿ ಕಣಯ್ಯ. ಹೊಟ್ಟೆ ನೋಡು. ಇನ್ನು ಹನ್ನೆರಡು ದಿನ ಆಗಬಹುದು. ಹೋದ ವರ್ಷ ಬಯಲಲ್ಲಿ ಮರಿ ಹಾಕ್ತು. ಆರು. ತೋಳ ಬಂದು ಒಂದನ್ನೂ ಬಿಡಲಿಲ್ಲ. ಎಂಟು ದಿನ ಅಲ್ಲೇ ಕೂತು ಅಳ್ತಿತ್ತು."

"ನನಗ್ಯಾಕೆ ಹೇಳ್ತೀಯ ಅದನ್ನ?"

"ನಿನ್ನ ಹಿಂದೆ ತಾನೇ ಬರ್ತಿರೋದು?"

ಕುರಿ ಕಾಯುವವ ಹೋದ. ಕಲ್ಲುಕುಟಿಗ ಅವನಿಗೆ ಬೈದ. ಆಮೇಲೆ ನಾಯಿಗೆ ಬೈದ. ಆಮೇಲೆ ತೋಳಕ್ಕೆ ಬೈದ. ತೋಳಕ್ಕೆ ಬೈದದ್ದು ಸ್ವಲ್ಪ ಹೆಚ್ಚಾಯಿತು.

ಆ ದಿನ ಒಂದು ಮನೆಯಲ್ಲಿ ಕಲ್ಲು ಕುಟ್ಟಿದ. ಮನೆಯಾಕೆ ಮೊದಲ ಹಿಟ್ಟು ಹೊರಗೆ ಚೆಲ್ಲಿದಳು. ನಾಯಿ ಓಡಿ ಬಂತು. ಅವನು ಹಿಟ್ಟಿನ ಮೇಲೆ ಕಾಲಿಟ್ಟು ಮಣ್ಣಿಗೆ ಉಜ್ಜಿಬಿಟ್ಟ. ಕಲ್ಲಿನ ಪುಡಿ ಹೊಟ್ಟೆಗೆ ಹೋದರೆ ಒಳಗಿನ ಮರಿಗಳ ಗತಿ ಏನು ಎಂದುಕೊಂಡ. ಆದರೆ ನಾಯಿ ಅವನ ಕಾಲನ್ನೇ ನೋಡುತ್ತ ನಿಂತಿತು. ಅವನು ಕೂಲಿ ಬಿಟ್ಟು ಬೇರೆ ಏನನ್ನೂ ಯಾರಲ್ಲೂ ಕೇಳಿದವನಲ್ಲ. ಅವತ್ತು ಬಾಗಿಲಿಗೆ ಹೋಗಿ ನಿಂತ.

"ಅರ್ಧ ಮುದ್ದೆ ಇದ್ರೆ ಹಾಕಮ್ಮ. ನನಗಲ್ಲ. ಈ ಶನಿಗೆ."

ಮನೆಯಾಕೆ ನಾಯಿಯ ಹೊಟ್ಟೆ ನೋಡಿ ನಕ್ಕಳು.

"ಏನಣ್ಣ, ಬಸುರಿನ ಹೀಗೆ ಬಿಸಿಲಲ್ಲಿ ನಡೆಸ್ಕೊಂಡು ತಿರುಗ್ತಿದ್ದೀಯ? ತವರಿಗೆ ಕಳಿಸಬಾರದಾ?"

"ತವರು ಹುಡುಕ್ತಾನೇ ಇದ್ದೀನಿ ತಾಯಿ. ನಿಮ್ಮನೇನೇ ಆಗಲಿ."

"ಅಯ್ಯೋ, ನಮ್ಮನೇಲಿ ಬೆಕ್ಕಿದೆ."

ಮುದ್ದೆ ಹಾಕಿದಳು. ಬಾಗಿಲು ಹಾಕಿದಳು.

ಹೀಗೆ ಅವನು ನಾಯಿಗೆ ಮನೆ ಹುಡುಕಲು ಹೊರಟ. ಕಷ್ಟವಾಗದು ಎಂದುಕೊಂಡ. ಸುತ್ತಿನ ಹನ್ನೆರಡು ಊರಿನ ಕಲ್ಲುಗಳು ಅವನ ಕೈಯಲ್ಲಿ ಹಾದು ಹೋಗಿದ್ದವು. ಬೇಗ ಸವೆಯುವ ಕಲ್ಲು ಇದ್ದರೆ ಅದು ಹೆಚ್ಚು ಬೀಸುವ ಮನೆ. ಹೆಚ್ಚು ಬೀಸುವ ಮನೆಯಾದರೆ ಅಲ್ಲಿ ಹೊಟ್ಟೆ ತುಂಬ ಊಟ. ಹೊಟ್ಟೆ ತುಂಬಿದವರ ಮನೆಯಲ್ಲಿ ನಾಯಿಗೂ ಒಂದು ತುತ್ತು. ಅವನು ಮನುಷ್ಯರ ಮಾತು ನಂಬುತ್ತಿರಲಿಲ್ಲ. ಕಲ್ಲನ್ನು ನಂಬುತ್ತಿದ್ದ. ಕಲ್ಲು ಬಲ್ಲವನು ಮಾತ್ರ ಮಾಡುವಂಥ ತಪ್ಪು ಅದು.

ಒಬ್ಬ ವರ್ತಕನಿದ್ದ. ಅವನ ಮನೆಯ ಕಲ್ಲು ಮೂರು ತಿಂಗಳಿಗೊಮ್ಮೆ ನುಣುಪಾಗುತ್ತಿತ್ತು. ಅಷ್ಟು ಬೇಗ ಸವೆಯುವ ಕಲ್ಲು ಹನ್ನೆರಡು ಊರಿನಲ್ಲಿ ಇನ್ನೊಂದಿರಲಿಲ್ಲ. ಕಲ್ಲುಕುಟಿಗ ನಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದ. ವರ್ತಕನ ಹೆಂಡತಿ ಹೊರಗೆ ಬಂದಳು. ನಾಯಿಯ ತಲೆ ಸವರಿದಳು.

"ಪಾಪ, ಬಾಯಿಲ್ಲದ ಜೀವ. ಬಿಟ್ಟು ಹೋಗಣ್ಣ. ಮಗಳ ಹಾಗೆ ನೋಡ್ಕೋತೀವಿ."

ಅಷ್ಟು ಒಳ್ಳೆಯ ಮಾತು ಕೇಳಿ ಕಲ್ಲುಕುಟಿಗನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನಾಯಿಗೆ ಎರಡು ಬೈಗುಳ ಬೈದು ಹೊರಟ.

ಎರಡು ದಿನ ಒಬ್ಬನೇ ನಡೆದ. ಬೈಯುವುದಕ್ಕೆ ಹತ್ತಿರದಲ್ಲಿ ಯಾರೂ ಇರಲಿಲ್ಲ. ಬಾಯಿ ಸಪ್ಪಗಾಯಿತು. ಮೂರನೆಯ ದಿನ ಬೆಳಿಗ್ಗೆ ಅವನು ಒಂದು ಜಗಲಿಯ ಮೇಲೆ ಎದ್ದು ಕೂತಾಗ ನಾಯಿ ಕೆಳಗೆ ಕೂತಿತ್ತು. ಕೊರಳಲ್ಲಿ ಕಡಿದ ಹಗ್ಗ. ಹೊಟ್ಟೆ ದೊಡ್ಡದಿತ್ತು, ಪಕ್ಕೆಯ ಮೂಳೆ ಎಣಿಸುವ ಹಾಗಿತ್ತು.

ಆ ಹಗ್ಗ ಹಿಡಿದು ಮತ್ತೆ ವರ್ತಕನ ಮನೆಗೆ ನಡೆದ. ದಾರಿಯುದ್ದಕ್ಕೂ ನಾಯಿಗೆ ಬೈದ. ಮಗಳ ಹಾಗೆ ನೋಡಿಕೊಳ್ಳುವ ಮನೆ ಬಿಟ್ಟು ಬಂದೆಯಲ್ಲ ಎಂದು ಬೈದ.

ವರ್ತಕ ಬಾಗಿಲಲ್ಲೇ ಸಿಕ್ಕಿದ.

"ನಾವು ಹೊಡೆದಿಲ್ಲಪ್ಪ, ಬೈದಿಲ್ಲ. ಬೇಕಾದರೆ ಯಾರನ್ನಾದ್ರೂ ಕೇಳು" ಎಂದ.

"ಊಟ ಹಾಕಿದಿರಾ?"

"ಹೊಟ್ಟೆ ತುಂಬಿದ ನಾಯಿ ಬೊಗಳುತ್ತೇನಯ್ಯ? ಮೂಟೆ ಕಾಯೋದು ಬೇಡವಾ?"

ಕಲ್ಲುಕುಟಿಗ ಆಗ ಒಳಗೆ ನೋಡಿದ. ಗೋಡೆಯುದ್ದಕ್ಕೂ ಹಿಟ್ಟಿನ ಮೂಟೆಗಳು. ಕೂಲಿ ಹೆಂಗಸರು ಸರದಿಯಲ್ಲಿ ಕೂತು ಬೀಸುತ್ತಿದ್ದರು. ಹಿಟ್ಟೆಲ್ಲ ಪೇಟೆಗೆ ಹೋಗುವಂಥದ್ದು. ಕಲ್ಲು ಸವೆಯುತ್ತಿದ್ದದ್ದು ನಿಜ. ಆ ಹಿಟ್ಟು ಆ ಮನೆಯ ಯಾರ ಹೊಟ್ಟೆಗೂ ಹೋಗುತ್ತಿರಲಿಲ್ಲ.

"ಮಗಳ ಹಾಗೆ ಅಂದೆಯಲ್ಲಮ್ಮ" ಎಂದು ವರ್ತಕನ ಹೆಂಡತಿಯನ್ನು ಕೇಳಿದ.

"ಮಗಳ ಹಾಗೇ ಕಣಣ್ಣ. ನಮ್ಮನೇಲಿ ಮಗಳು ಸುಮ್ನೆ ಕೂತು ತಿಂತಾಳಾ?" ಅಂದಳು ಅವಳು. ಆ ಮಾತನ್ನೂ ನಗುನಗುತ್ತ ಅಂದಳು.

ಇಲ್ಲಿ ಶಿಷ್ಯ ಬಾಯಿ ಹಾಕಿದ.

"ಎಂಥ ಜನ ಗುರುಗಳೇ!"

"ಬೀಜ ಬಿಡಿಸು" ಎಂದರು ಗುರುಗಳು. "ಸಿಪ್ಪೆ ಹಾಗೇ ಬಿಟ್ಟಿದ್ದೀಯ. ಅದನ್ನೂ ನಾನೇ ತೆಗೆಯಲಾ?"

ಮುಂದಕ್ಕೆ ಹೇಳಿದರು.

ಇನ್ನು ಆರೇಳು ದಿನ ಉಳಿದಿತ್ತು. ಕಲ್ಲುಕುಟಿಗ ಕೆಲಸ ಅರ್ಧಕ್ಕೆ ಇಳಿಸಿದ. ಮನೆ ಮನೆ ಕೇಳಿದ. ಒಬ್ಬರಿಗೆ ಗಂಡು ನಾಯಿ ಬೇಕಿತ್ತು. ಒಬ್ಬರಿಗೆ ಮರಿ ಮಾತ್ರ ಬೇಕಿತ್ತು, ತಾಯಿ ಬೇಡ. ಒಬ್ಬರು ಹರಿದ ಕಿವಿ ಅಪಶಕುನ ಅಂದರು. ಇನ್ನೊಬ್ಬ ರೈತ ಆಗಲಿ ಅಂದ, ಅವನ ತಾಯಿ ಒಳಗಿನಿಂದಲೇ ಆಗದು ಅಂದಳು. ಯಾರೂ ಗದರಲಿಲ್ಲ. ಎಲ್ಲರೂ ಪಾಪ ಅಂದರು.

ಒಂದೂರಿನಲ್ಲಿ ಪುರಾಣ ಹೇಳುವ ಅಯ್ಯನವರು ಇದ್ದರು. ದಯೆಯ ಮೇಲೆ ಅವರು ಹೇಳಿದರೆ ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಕಲ್ಲುಕುಟಿಗ ಅಲ್ಲಿಗೂ ಹೋದ. ಅಯ್ಯನವರು ಸಂತೋಷಪಟ್ಟರು. "ಎಲ್ಲ ಜೀವವೂ ಒಂದೇ" ಅಂದರು. ನಾಯಿಯ ಹಣೆಗೆ ಕುಂಕುಮ ಇಟ್ಟರು. ಆಮೇಲೆ ಹೊಟ್ಟೆ ನೋಡಿದರು.

"ಎಷ್ಟು ದಿನ ಇದೆ?"

"ನಾಲ್ಕೈದು ದಿನ ಸ್ವಾಮಿ."

"ಹಾಗಾದರೆ ಅದೆಲ್ಲ ಆದ ಮೇಲೆ ಕರೆದುಕೊಂಡು ಬಾ. ನಾಯಿ ಹೆತ್ತರೆ ಮನೆಗೆ ಸೂತಕ ಎಷ್ಟು ದಿನ ಅಂತ ಪಂಚಾಂಗದಲ್ಲಿ ಬರೆದಿಲ್ಲ. ಬರೆಯದೇ ಇರೋ ಸೂತಕವನ್ನ ಕಳೆಯೋದು ಹೇಗೆ?"

"ನಾಯಿಗೆ ಪಂಚಾಂಗ ಗೊತ್ತಿಲ್ಲ ಸ್ವಾಮಿ. ಅದರ ಪಾಡಿಗೆ ಅದು ಹೆರುತ್ತೆ" ಎಂದು ಕಲ್ಲುಕುಟಿಗ ಹೊರಟ.

ಕುಂಕುಮ ಹಣೆಯಲ್ಲೇ ಉಳಿದಿತ್ತು. ದಾರಿಯಲ್ಲಿ ಸಿಕ್ಕಿದವರು ನಕ್ಕರು. "ಏನಯ್ಯ, ಮದುವೆ ಯಾವಾಗ ಆಯ್ತು? ಊಟಕ್ಕೆ ಕರೀಲೇ ಇಲ್ಲ" ಅಂದರು. ಅವನು ಕೂತು, ಟವೆಲ್ಲಿನಿಂದ ನಾಯಿಯ ಹಣೆ ಒರೆಸಿದ. ಒರೆಸುತ್ತ ಬೈದ. ನಾಯಿ ಕಣ್ಣು ಮುಚ್ಚಿಕೊಂಡು ಹಣೆ ಒಡ್ಡಿತು.

ಮರುದಿನ ಮಧ್ಯಾಹ್ನ ಮೋಡ ಕವಿದಿತ್ತು. ಇಬ್ಬರೂ ಇನ್ನೊಂದು ಊರಿಗೆ ನಡೆಯುತ್ತಿದ್ದರು. ನಾಯಿ ದಾರಿಯಲ್ಲಿ ಕೂತುಬಿಟ್ಟಿತು. ಕರೆದ. ಬರಲಿಲ್ಲ. ಬೈದ. ಎದ್ದು ನಾಲ್ಕು ಹೆಜ್ಜೆ ಬಂದು ಮತ್ತೆ ಕೂತಿತು. "ಇಲ್ಲೇ ಬಿದ್ದಿರು ಹಾಗಾದ್ರೆ" ಎಂದು ನೂರು ಹೆಜ್ಜೆ ಮುಂದೆ ಹೋದ. ತಿರುಗಿ ನೋಡಿದ. ನಾಯಿ ಇರಲಿಲ್ಲ.

ಹಿಂದಕ್ಕೆ ಓಡಿದ. ಬೇಲಿ ಸಂದಿ ನೋಡಿದ. ಹಳ್ಳ ನೋಡಿದ. ಇನ್ನೂ ಮೂರು ನಾಲ್ಕು ದಿನ ಇದೆ ಎಂದುಕೊಂಡಿದ್ದ. ಕುರಿ ಕಾಯುವವನ ಲೆಕ್ಕ ತಪ್ಪಿತ್ತು.

ಊರ ಹೊರಗೆ ಒಂದೇ ಒಂದು ಮನೆ ಇತ್ತು. ಕುಂಬಾರರ ಮನೆ. ಅವನು ಆ ಮನೆಯಲ್ಲಿ ನಾಯಿಯ ವಿಷಯ ಕೇಳಿರಲಿಲ್ಲ. ಮೂರು ವರ್ಷದಿಂದ ಅವರು ಕಲ್ಲು ಕುಟ್ಟಲು ಕರೆದಿರಲಿಲ್ಲ. ಮೂರು ವರ್ಷ ಕಲ್ಲು ಸವೆಯಲಿಲ್ಲವೆಂದರೆ ಅಲ್ಲಿ ಬೀಸುವುದಕ್ಕೆ ಏನೂ ಇಲ್ಲ. ಅಂಥ ಮನೆಗೆ ನಾಯಿ ಕೊಟ್ಟು ಏನು ಪ್ರಯೋಜನ ಎಂದು ಅದನ್ನು ಬಿಟ್ಟಿದ್ದ. ಈಗ ಆ ಮನೆಯ ಹಿತ್ತಲಿನಿಂದ ಒಂದು ಹೆಂಗಸಿನ ಕೂಗು ಕೇಳಿಸಿತು.

"ಯಾವ ಮುಂಡೇದಯ್ಯ ಈ ನಾಯಿ! ಯಾರದು!"

ಹಿತ್ತಲಲ್ಲಿ ಕುಂಬಾರಗಿತ್ತಿ ಕೋಲು ಹಿಡಿದು ನಿಂತಿದ್ದಳು. ಅವಳ ಎದುರಿಗೆ ಮಡಕೆ ಸುಡುವ ಆವಿಗೆ. ಗಂಡ ಸಂತೆಗೆ ಹೋಗಿದ್ದ. ಮಡಕೆಗಳನ್ನು ಒಟ್ಟಿ, ಹುಲ್ಲು ಬೆರಣಿ ಮುಚ್ಚಿ, ಮೇಲೆ ಕೆಸರು ಮೆತ್ತಿ ಎಲ್ಲ ಸಿದ್ಧವಾಗಿತ್ತು. ಬೆಂಕಿ ಕೊಡುವ ಬಾಯಿ ಮಾತ್ರ ತೆರೆದಿತ್ತು. ನಾಯಿ ಅದರೊಳಗೆ ನುಗ್ಗಿ ಹುಲ್ಲಿನಲ್ಲಿ ಮಲಗಿತ್ತು.

"ನಿಂದಾ ಇದು?"

"ನಂದಲ್ಲ."

"ನಿಂದಲ್ದಿದ್ರೆ ಯಾಕೆ ಹಂಗೆ ಬೆವರ್ತಾ ನಿಂತಿದ್ದೀಯ?"

ಕಲ್ಲುಕುಟಿಗ ಮುಖದ ಬೆವರು ಒರೆಸಿಕೊಂಡ.

"ಕೇಳಿಲ್ಲಿ" ಅಂದಳು ಕುಂಬಾರಗಿತ್ತಿ. "ಎರಡು ತಿಂಗಳ ಕೆಲಸ ಇದರೊಳಗಿದೆ. ಆಕಾಶ ನೋಡು. ಈಗ ಬೆಂಕಿ ಕೊಟ್ರೆ ಮಡಕೆ. ಕೊಡದೆ ಮಳೆ ಬಂದ್ರೆ ಮಣ್ಣು. ಒಳಗೆ ಜೀವ ಇಟ್ಕೊಂಡು ನಾನು ಬೆಂಕಿ ಹಾಕೋಳಲ್ಲ. ಮಡಕೆ ಕಳ್ಕೊಂಡು ಮಕ್ಕಳಿಗೆ ಮಣ್ಣು ತಿನ್ನಿಸೋಳೂ ಅಲ್ಲ. ತೆಗಿ ಅದನ್ನ."

"ನೀನು ಕರೆದೆಯಾ?"

"ಕರೆದೆ. ಜನ್ಮದಲ್ಲಿ ಯಾರನ್ನೂ ಕರೀದಷ್ಟು ನಯವಾಗಿ ಕರೆದೆ. ಬಾರವ್ವ ತಾಯಿ, ಬಾ ಬಂಗಾರ ಅಂದೆ. ಕಚ್ಚೋಕೆ ಬಂತು."

ಕಲ್ಲುಕುಟಿಗ ಆವಿಗೆಯ ಬಾಯಿಗೆ ಬಗ್ಗಿದ. ಒಳಗೆ ಗುರ್ ಎನ್ನುವ ಸದ್ದು ಬರುತ್ತಿತ್ತು.

"ಹನ್ನೆರಡು ಊರು ತಿರುಗಿಸಿದೆನಲ್ಲೇ ಶನಿ, ಎಲ್ಲೂ ಜಾಗ ಸಿಗದೆ ಬೆಂಕಿ ಬಾಯಿಗೇ ಬಂದು ಬಿದ್ಯಾ?"

ಗುರ್ ಎನ್ನುವುದು ನಿಂತಿತು.

ಅವನು ನೆಲಕ್ಕೆ ಮಲಗಿ, ಹೊಟ್ಟೆಯ ಮೇಲೆ ತೆವಳಿ, ಸೊಂಟದವರೆಗೆ ಒಳಗೆ ಹೋದ. ಒಂದು ಮರಿ ಆಗಲೇ ಹುಟ್ಟಿತ್ತು. ಕೈ ಹಾಕಿದ. ನಾಯಿ ಕಚ್ಚಲಿಲ್ಲ. ಮರಿಯನ್ನು ಹಿಂದಕ್ಕೆ ಚಾಚಿದ. ಕುಂಬಾರಗಿತ್ತಿ ಸೆರಗಿಗೆ ತೆಗೆದುಕೊಂಡಳು.

"ತಲೆ ಕೆಳಗೆ ಮಾಡಿ ಕೊಡ್ತೀಯಲ್ಲೋ! ಸರಿ ಹಿಡಿ!"

"ನೀನು ನನಗೆ ಹೇಳಿಕೊಡಬೇಡ."

"ನಾಲ್ಕು ಹೆತ್ತಿದ್ದೀನಿ ನಾನು. ನೀನೆಷ್ಟು ಹೆತ್ತಿದ್ದೀಯ?"

ಇನ್ನು ಉಳಿದ ಮರಿಗಳು ಹೊಟ್ಟೆಯಲ್ಲಿದ್ದವು. ನಾಯಿಯೇ ಹೊರಗೆ ಬರಬೇಕಿತ್ತು. ಎಳೆಯುವ ಹಾಗಿರಲಿಲ್ಲ. ಎಳೆದರೆ ಮೇಲಿನ ಹಸಿ ಮಡಕೆ ಅದರ ಮೇಲೆ ಕುಸಿಯುತ್ತಿತ್ತು. ಕಲ್ಲುಕುಟಿಗ ಬೈಯುತ್ತ ಒಂದು ಗೇಣು ಹಿಂದೆ ಸರಿದ. ನಾಯಿ ಒಂದು ಗೇಣು ಮುಂದೆ ಬಂತು. ಅವನು ಉಸಿರಿಗಾಗಿ ನಿಂತ. ನಾಯಿಯೂ ನಿಂತು ನರಳಿತು.

"ನಿಲ್ಲಿಸಬೇಡವೋ!" ಎಂದು ಕುಂಬಾರಗಿತ್ತಿ ಕೂಗಿದಳು. "ಬೈತಾ ಇರು! ಬೈದ್ರೆ ಬರ್ತದೆ!"

ಅವನು ಬೈದ. ನಾಯಿಯ ಹರಿದ ಕಿವಿಯನ್ನು ಬೈದ. ಅದಕ್ಕಾಗಿ ಬೇಡಿದ ಒಂದೊಂದು ಮುದ್ದೆಯನ್ನೂ ಹೆಸರು ಹಿಡಿದು ಬೈದ. ವರ್ತಕನನ್ನು ಬೈದ. ಅಯ್ಯನವರ ಕುಂಕುಮವನ್ನು ಬೈದ. ನೀನು ಸತ್ತರೆ ನಿನ್ನ ಗುಂಡಿ ತೋಡುವವನು ನಾನೇ ಎಂದು ಬೈದ. ಬೈಯುತ್ತ ಬೈಯುತ್ತ ಬಾಯಿಗೆ ಹುಲ್ಲಿನ ದೂಳು ಹೋಯಿತು. ಆದರೂ ಬಿಡಲಿಲ್ಲ. ಒಂದೊಂದು ಬೈಗುಳಕ್ಕೂ ನಾಯಿ ಒಂದೊಂದು ಗೇಣು ತೆವಳಿತು. ಕೊನೆಗೆ ಅವನ ಮೊಣಕಾಲ ಹತ್ತಿರ ಹೊರಗೆ ಬಂದು ಬಿತ್ತು.

ಕುಂಬಾರಗಿತ್ತಿ ಒಡೆದ ದೊಡ್ಡ ಮಣ್ಣಿನ ಬಾನಿಯೊಂದನ್ನು ಕೊಟ್ಟಿಗೆಯಲ್ಲಿ ಮಗ್ಗುಲಾಗಿ ಇಟ್ಟು, ಒಳಗೆ ಹುಲ್ಲು ಹಾಕಿದಳು. ನಾಯಿಯನ್ನು ಅದರಲ್ಲಿ ಮಲಗಿಸಿದರು. ಅವಳು ಓಡಿ ಹೋಗಿ ಆವಿಗೆಗೆ ಬೆಂಕಿ ಕೊಟ್ಟಳು. ಒಂದು ತಾಸಿನ ಮೇಲೆ ಮಳೆ ಬಂತು. ಬೆಂಕಿ ಅಷ್ಟರಲ್ಲಿ ಒಳಗೆ ಹಿಡಿದಿತ್ತು. ಅಂಚಿನ ಹತ್ತು ಮಡಕೆ ಬಿರಿದವು. ಉಳಿದವು ಉಳಿದವು.

ಮರಿಗಳು ಐದು. ಒಂದು ಉಸಿರಾಡಲಿಲ್ಲ. ಮಳೆ ನಿಂತ ಮೇಲೆ ಕುಂಬಾರಗಿತ್ತಿ ಅದನ್ನು ಬೇವಿನ ಮರದ ಕೆಳಗೆ ಹೂತಳು. ಕಲ್ಲುಕುಟಿಗ ಗುಂಡಿ ತೋಡಿದ. ಆ ಹೊತ್ತು ಇಬ್ಬರೂ ಯಾರನ್ನೂ ಬೈಯಲಿಲ್ಲ.

"ಹತ್ತು ಮಡಕೆ ತಿಂತು ನಿನ್ನ ನಾಯಿ" ಅಂದಳು ಆಮೇಲೆ.

"ನಿನ್ನ ಕಲ್ಲು ತೆಗಿ. ಕುಟ್ಟಿಕೊಡ್ತೀನಿ. ಬಾಯಿ ಮುಚ್ಕೋ."

ಅವನು ಅವಳ ರಾಗಿಕಲ್ಲು ಮಗುಚಿದ. ಕನ್ನಡಿಯ ಹಾಗೆ ನುಣುಪಾಗಿತ್ತು. ಆದರೆ ಅಂಚಿನ ಸಂದಿಯಲ್ಲಿ ಹೊಸ ಹಿಟ್ಟಿತ್ತು. ಅವನು ಕಲ್ಲಿನ ಮೇಲೆ ಅಂಗೈ ಆಡಿಸಿದ. ಅವಳು ದಿನವೂ ಬೀಸುತ್ತಿದ್ದಳು. ಕಲ್ಲು ಕುಟ್ಟಿಸಲು ಕೈಯಲ್ಲಿ ಕಾಸಿಲ್ಲದೆ, ಒಂದೇ ರಾಗಿಯನ್ನು ಎರಡೆರಡು ಸಲ ಬೀಸುತ್ತಿದ್ದಳು. ಮೂವತ್ತು ವರ್ಷ ಕಲ್ಲು ನೋಡಿದವನು ಇದನ್ನು ನೋಡಿರಲಿಲ್ಲ.

"ಮೂರು ದಿನ ಇಲ್ಲಿರಲಿ" ಅಂದಳು ಕುಂಬಾರಗಿತ್ತಿ. "ಆಮೇಲೆ ಎತ್ಕೊಂಡು ಹೋಗ್ತಾ ಇರು. ನನ್ನ ಮಕ್ಕಳಿಗೇ ಇಲ್ಲ ಇಲ್ಲಿ."

ಅವನು ಮೂರು ದಿನದ ಮೇಲೆ ಬಂದ.

"ಇನ್ನೂ ಕಣ್ಣು ಬಿಟ್ಟಿಲ್ಲ ಮರಿಗಳು. ಕುರುಡುಗಳನ್ನ ಎಲ್ಲಿಗೆ ಹೊರ್ತೀಯ? ಬುದ್ಧಿ ಇದೆಯಾ?" ಎಂದು ಬೈದು ಕಳಿಸಿದಳು.

ಹದಿನೈದು ದಿನದ ಮೇಲೆ ಬಂದ. ಮರಿಗಳು ಕಣ್ಣು ಬಿಟ್ಟಿದ್ದವು. ಕೊಟ್ಟಿಗೆಯಲ್ಲಿ ತಡವರಿಸುತ್ತ ಹೆಜ್ಜೆ ಇಡುತ್ತಿದ್ದವು.

"ಇವತ್ತು ಅಮಾವಾಸ್ಯೆ. ಬಾಣಂತಿನ ಅಮಾವಾಸ್ಯೆ ದಿನ ಮನೆಯಿಂದ ಕಳಿಸ್ತಾರಾ ಯಾರಾದ್ರೂ?"

ನಾಲ್ಕು ದಿನ ಬಿಟ್ಟು ಬಂದ, ಮಂಗಳವಾರ ಎಂದು ಕಳಿಸಿದಳು. ಮತ್ತೆ ಎರಡು ದಿನ ಬಿಟ್ಟು ಬಂದ.

"ಇವತ್ತು ಮಂಗಳವಾರ."

"ನಿನ್ನ ಮನೇಲಿ ವಾರಕ್ಕೆ ಎಷ್ಟು ಮಂಗಳವಾರ?"

"ನನ್ನ ಮನೆ, ನನ್ನ ಮಂಗಳವಾರ. ನಿನಗೇನು?"

ಕುಂಬಾರಗಿತ್ತಿ ನಾಯಿಯ ಮುಂದೆ ಮುದ್ದೆ ಕುಕ್ಕಿದಳು. "ತಿನ್ನು, ತಿನ್ನು. ಗಂಟಲವರೆಗೂ ತಿನ್ನು. ಒಂದಿನಾದ್ರೂ ಸಾಕು ಅಂತೀಯಾ" ಅಂದಳು. ನಾಯಿ ಬಾಲ ಆಡಿಸುತ್ತ ತಿಂದಿತು. ಕಲ್ಲುಕುಟಿಗ ನಿಂತು ನೋಡಿದ. ಆಮೇಲೆ ಅವನು ನಾಯಿಯನ್ನು ಕೇಳಲು ಬರಲಿಲ್ಲ.

ಆರು ತಿಂಗಳು ಕಳೆಯಿತು. ಚಳಿಗಾಲ. ಅವನು ಆ ದಾರಿಯಲ್ಲಿ ಬಂದ. ತಲೆಯ ಮೇಲಿಂದ ಕಂಬಳಿ ಹೊದ್ದಿದ್ದ. ಕುಂಬಾರರ ಮನೆಯ ಬೇಲಿ ದಾಟಿ ಒಳಗೆ ಕಾಲಿಟ್ಟ. ಮನೆಯಲ್ಲಿ ಯಾರೂ ಇರಲಿಲ್ಲ. ಕಂದು ನಾಯಿ ಕೊಟ್ಟಿಗೆಯಿಂದ ಹಾರಿ ಬಂತು. ಮೈ ತುಂಬಿಕೊಂಡಿತ್ತು. ಹಲ್ಲು ತೆರೆದಿತ್ತು. ಅವನನ್ನು ಗುರುತಿಸಲಿಲ್ಲ. ಕಾಲಿಗೇ ನುಗ್ಗಿತು.

"ಕಚ್ಚು, ಕಚ್ಚು" ಎಂದ ಅವನು. "ಉಂಡ ಮುದ್ದೆ ಎಲ್ಲಿಗೆ ಹೋಗಬೇಕು? ಹಲ್ಲಿಗೆ ತಾನೇ? ನಿನ್ನ ವಂಶ ಉದ್ಧಾರ ಆಗ, ಕಚ್ಚು."

ನಾಯಿ ಓಡುತ್ತಿದ್ದಲ್ಲೇ ನಿಂತಿತು. ಒಂದು ಕಿವಿ ಎತ್ತಿತು. ಆಮೇಲೆ ಹೊಟ್ಟೆ ನೆಲಕ್ಕೆ ಹತ್ತಿಸಿ, ಕುಂಯ್ ಕುಂಯ್ ಅನ್ನುತ್ತ, ಅವನ ಕಾಲಿನವರೆಗೂ ತೆವಳಿಕೊಂಡು ಬಂತು.

ಅವನು ಅದರ ಪಕ್ಕ ಸ್ವಲ್ಪ ಹೊತ್ತು ಕೂತ. ಎದ್ದು ಹೊರಟ. ನಾಯಿ ಬೇಲಿಯವರೆಗೆ ಬಂತು. ಅಲ್ಲಿಂದ ಮುಂದೆ ಬರಲಿಲ್ಲ. ಅದಕ್ಕೆ ಮನೆ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಒಂದು ಹುಣಸೆ ಬೀಜವನ್ನು ಬೆರಳಲ್ಲಿ ಹಿಡಿದೇ ಕೂತಿದ್ದ.

"ಹಾಗಾದರೆ ಬೈಯುವುದು ಸರಿಯೇ ಗುರುಗಳೇ?"

"ಸರಿ ಅಂತ ನಾನು ಯಾವಾಗ ಹೇಳಿದೆ? ಒಂದು ಒಳ್ಳೆಯ ಮಾತು ಆಡಿದ್ದರೆ ಅವನ ನಾಲಿಗೆ ಸವೆಯುತ್ತಿತ್ತೇ? ನಿನ್ನ ನಾಲಿಗೆಯೂ ಸವೆಯುತ್ತಿರಲಿಲ್ಲ. ಅದು ನಿನ್ನ ತಪ್ಪೇ. ಅದನ್ನು ನಾನು ಒರೆಸಿ ಕೊಡಲಾರೆ."

ಶಿಷ್ಯ ತಲೆ ತಗ್ಗಿಸಿದ. ಕೈಯಲ್ಲಿದ್ದ ಬೀಜವನ್ನು ಮೊರದ ಅಂಚಿಗೆ ಇಟ್ಟ.

"ಅವಳ ಕಿವಿ ಕೊನೆಯವರೆಗೂ ಚೆನ್ನಾಗಿತ್ತು, ಗುರುಗಳೇ. ನಾನು ಅಂದದ್ದೆಲ್ಲ ಅವಳಿಗೆ ಕೇಳಿಸುತ್ತಿತ್ತು."

"ಕೇಳಿಸುತ್ತಿತ್ತು" ಎಂದರು ಗುರುಗಳು. "ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ, ನೆಂಟರೆಲ್ಲ ಸುತ್ತ ಕೂತಿದ್ದಾಗ, ಬಾಯಾರಿದರೆ ಅವಳು ಯಾರನ್ನು ಕರೆದಳು?"

"ನನ್ನನ್ನೇ" ಎಂದ ಶಿಷ್ಯ. ಮೊರವನ್ನು ಹತ್ತಿರ ಎಳೆದುಕೊಂಡು, ಸಿಪ್ಪೆ ಉಳಿದಿದ್ದ ಹಣ್ಣನ್ನು ಕೈಗೆ ತೆಗೆದುಕೊಂಡ.